ಸ್ಮರಣಶಕ್ತಿಯ ಔಷಧಕ್ಕೂ ಮುನ್ನ

ಸಂಕ್ರಾಂತಿ ಕಳೆದು ವಾರ್ಷಿಕ ಪರೀಕ್ಷೆಗಳು ಹತ್ತಿರವಾಗುವ ಹೊತ್ತಿಗೆ ವಿದ್ಯಾರಣ್ಯಪುರಂನ ನಮ್ಮ ಚಿಕಿತ್ಸಾಲಯಕ್ಕೆ ಮಕ್ಕಳನ್ನು ಕರೆತರುವ ತಾಯಂದಿರ ಸಂಖ್ಯೆ ಹೆಚ್ಚುತ್ತದೆ. ಅವರು ಬರುವುದು ಜ್ವರಕ್ಕಲ್ಲ, ಕೆಮ್ಮಿಗಲ್ಲ, ಸ್ಮರಣಶಕ್ತಿಯ ಔಷಧಕ್ಕೆ. ಬ್ರಾಹ್ಮೀಘೃತ, ಸಾರಸ್ವತಾರಿಷ್ಟ, ಶಂಖಪುಷ್ಪಿ ಎಂದು ಔಷಧದ ಹೆಸರನ್ನೂ ಅವರೇ ಸೂಚಿಸುವುದುಂಟು. ಇವೆಲ್ಲ ಒಳ್ಳೆಯ ಔಷಧಗಳೇ. ಯೋಗ್ಯರಾದ ಮಕ್ಕಳಿಗೆ ನಾವು ಅನೇಕ ವರ್ಷಗಳಿಂದ ಇವನ್ನು ಕೊಡುತ್ತ ಬಂದಿದ್ದೇವೆ. ಆದರೆ ಚೀಟಿ ಬರೆಯುವ ಮುನ್ನ ನಾವು ಕೇಳುವ ಪ್ರಶ್ನೆಯೊಂದಿದೆ: ಈ ಮಗುವಿನ ಅಂಕಗಳು ಯಾವಾಗಿನಿಂದ ಇಳಿದವು?

ಒಂದನೆಯ ತರಗತಿಯಿಂದಲೂ ಸಾಧಾರಣವಾಗಿ ಓದುತ್ತ ಬಂದ ಮಗುವಿನ ವಿಷಯ ಬೇರೆ. ಏಳನೆಯ ತರಗತಿಯವರೆಗೆ ಚೆನ್ನಾಗಿ ಓದಿ, ಎಂಟು ಒಂಬತ್ತನೆಯ ತರಗತಿಗೆ ಬಂದ ಮೇಲೆ ಆರೇ ತಿಂಗಳಲ್ಲಿ ಕುಸಿದುಬಿದ್ದ ಮಗುವಿನ ವಿಷಯವೇ ಬೇರೆ. ಎರಡನೆಯದು ಮರೆವಿನ ಕಾಯಿಲೆಯಲ್ಲ. ಅದಕ್ಕೆ ಕಾರಣಗಳು ಹಲವು ಇರಬಹುದು: ದೃಷ್ಟಿದೋಷ, ರಕ್ತಹೀನತೆ, ಥೈರಾಯ್ಡ್ ತೊಂದರೆ, ಮನೆಯಲ್ಲಿನ ಜಗಳ, ಯಾರದೋ ಸಾವು, ರಾತ್ರಿಯಿಡೀ ಕೈಬಿಡದ ಮೊಬೈಲು. ಇವೆಲ್ಲವನ್ನೂ ತಂದೆತಾಯಿಗಳು ತಾವಾಗಿಯೇ ಹೇಳುತ್ತಾರೆ. ಹೇಳದೆ ಉಳಿಸುವ ಕಾರಣ ಒಂದೇ. ಅದು ಮಾದಕ ವಸ್ತು. ಅದರ ಹೆಸರೆತ್ತಿದರೆ ಸಾಕು, ‘ನಮ್ಮ ಮನೆತನದಲ್ಲಿ ಅಂಥದ್ದೆಲ್ಲ ಇಲ್ಲ ಸ್ವಾಮಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

2025ರ ಜುಲೈ ತಿಂಗಳಿನಲ್ಲಿ ಮುಂಬೈ ಪೊಲೀಸರು ನಮ್ಮ ಮೈಸೂರಿಗೆ ಬಂದು, ವರ್ತುಲ ರಸ್ತೆಯ ಬಳಿ ಮೆಫೆಡ್ರೋನ್ ಎಂಬ ಮಾದಕ ದ್ರವ್ಯವನ್ನು ತಯಾರಿಸುತ್ತಿದ್ದ ಜಾಗವನ್ನು ಪತ್ತೆಹಚ್ಚಿದ್ದು ಓದುಗರಿಗೆ ನೆನಪಿರಬಹುದು. ಆ ಪ್ರಕರಣದಲ್ಲಿ ಒಟ್ಟು ಸುಮಾರು 390 ಕೋಟಿ ರೂಪಾಯಿ ಮೌಲ್ಯದ ಮಾಲು ಸಿಕ್ಕಿತೆಂದು ಪತ್ರಿಕೆಗಳು ವರದಿ ಮಾಡಿದವು. ಊರೆಲ್ಲ ಒಂದು ವಾರ ಅದೇ ಮಾತು. ಆ ಬಳಿಕ ಮೌನ. ಇಂತಹ ದೊಡ್ಡ ಸುದ್ದಿಗಳಿಂದ ಒಂದು ತೊಂದರೆಯೂ ಇದೆ. ಮಾದಕ ವಸ್ತುವೆಂದರೆ ಕೋಟಿಗಟ್ಟಲೆ ಹಣ, ದೂರದ ಜಾಲ, ಸಿನಿಮಾದಂತಹ ದಾಳಿ ಎಂದು ಜನ ಭಾವಿಸಿಬಿಡುತ್ತಾರೆ. ನಂಜನಗೂಡು ರಸ್ತೆಗೂ ಮಾನಂದವಾಡಿ ರಸ್ತೆಗೂ ನಡುವೆ, ಚಾಮುಂಡಿ ಬೆಟ್ಟದ ನೋಟದಲ್ಲಿ ಬದುಕುವ ನಮ್ಮಂಥ ಬಡಾವಣೆಯ ಮಕ್ಕಳ ಕೈಗೆ ಸಿಗುವುದು ಅದಲ್ಲ. ಅವರಿಗೆ ಸಿಗುವುದು ಪೆಟ್ಟಿಗೆ ಅಂಗಡಿಯ ಹೊಗೆಸೊಪ್ಪಿನ ಪೊಟ್ಟಣ, ಬಿಡಿ ಸಿಗರೇಟು, ಕಾಗದದಲ್ಲಿ ಸುತ್ತಿದ ಗಾಂಜಾ, ಸೈಕಲ್ ಟ್ಯೂಬಿಗೆ ಹಚ್ಚುವ ಸಲ್ಯೂಷನ್, ಚೀಟಿಯಿಲ್ಲದೆ ಕೊಟ್ಟ ಕೆಮ್ಮಿನ ಸಿರಪ್ ಮತ್ತು ಮಾತ್ರೆ. ನಮ್ಮ ಬಡಾವಣೆಯ ಸೂಯೇಜ್ ಫಾರಂನ ದುರ್ವಾಸನೆಯ ಬಗ್ಗೆ ಇಲ್ಲಿಯ ನಿವಾಸಿಗಳು ಎಷ್ಟೋ ವರ್ಷಗಳಿಂದ ಧ್ವನಿಯೆತ್ತುತ್ತಲೇ ಇದ್ದಾರೆ. ಅದು ಸರಿಯೇ. ಈ ಎರಡನೆಯ ವಿಷಯದಲ್ಲಿ ಮಾತ್ರ ಧ್ವನಿಯೇ ಹೊರಡುವುದಿಲ್ಲ.

ಲೆಕ್ಕಕ್ಕೆ ಬರೋಣ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರವು ಕೇಂದ್ರ ಸರ್ಕಾರಕ್ಕಾಗಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಮದ್ಯ, ಗಾಂಜಾ, ಅಫೀಮಿನ ವರ್ಗ ಎಲ್ಲದರಲ್ಲಿಯೂ ದೊಡ್ಡವರೇ ಮುಂದೆ. ಒಂದರಲ್ಲಿ ಮಾತ್ರ ಮಕ್ಕಳು ಮುಂದೆ: ಮೂಸುವ ದ್ರಾವಕಗಳಲ್ಲಿ. ದೊಡ್ಡವರಲ್ಲಿ ಶೇ. 0.58 ಇದ್ದದ್ದು 10ರಿಂದ 17 ವರ್ಷದವರಲ್ಲಿ ಶೇ. 1.17. ಅದೇ ವರ್ಷ ನಡೆದ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ಶೇ. 8.5 ಮಂದಿ ತಂಬಾಕು ಬಳಸುತ್ತಿದ್ದರು. ಕರ್ನಾಟಕದಲ್ಲಿ ಅದು ಶೇ. 1.2 ಮಾತ್ರ. ಸಮಾಧಾನದ ಸಂಗತಿ, ನಿಜ. ಆದರೆ ಅದು ತಂಬಾಕಿನ ಲೆಕ್ಕವಷ್ಟೇ. ಅಲ್ಲದೆ ಶಾಲೆಯಲ್ಲಿ ಕುಳಿತಿರುವ ಮಕ್ಕಳ ಲೆಕ್ಕ. ಶಾಲೆ ಬಿಟ್ಟುಹೋದವರು, ಬಿಡಿಸಲ್ಪಟ್ಟವರು ಆ ಲೆಕ್ಕದಲ್ಲಿಲ್ಲ. ಈ ಲೇಖನದಲ್ಲಿ ನಮಗೆ ಮುಖ್ಯವಾದವರು ಅವರೇ.

ಓದು ಕೆಡುವ ಬಗೆಯನ್ನು ತಿಳಿಯಲು ಚರಕಾಚಾರ್ಯರ ಒಂದು ವಿಭಾಗ ನಮಗೆ ಇಂದಿಗೂ ಉಪಯುಕ್ತ. ಶಾರೀರಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಅವರು ಪ್ರಜ್ಞಾಪರಾಧವನ್ನು ವಿವರಿಸುವಾಗ ಧೀ, ಧೃತಿ, ಸ್ಮೃತಿ ಎಂಬ ಮೂರನ್ನು ಹೇಳುತ್ತಾರೆ. ಇದ್ದುದನ್ನು ಇದ್ದಂತೆ ಗ್ರಹಿಸುವುದು ಧೀ. ಅಹಿತವಾದುದರ ಕಡೆಗೆ ಓಡುವ ಮನಸ್ಸನ್ನು ಹಿಡಿದು ನಿಲ್ಲಿಸುವುದು ಧೃತಿ. ಗ್ರಹಿಸಿದ್ದನ್ನು ಬೇಕಾದಾಗ ನೆನೆಯುವುದು ಸ್ಮೃತಿ. ಪೋಷಕರು ಬಂದು ಕೇಳುವುದು ಸ್ಮೃತಿಗೆ ಔಷಧ. ವ್ಯಸನದ ಮಗುವಿನಲ್ಲಿ ಮೊದಲು ಮುರಿಯುವುದು ಧೃತಿ. ಮನೆಪಾಠ ಅಪೂರ್ಣವಾಗುತ್ತದೆ, ಟಿಪ್ಪಣಿ ಪುಸ್ತಕದ ಪುಟಗಳು ಖಾಲಿ ಉಳಿಯುತ್ತವೆ, ಮೊದಲ ಅವಧಿಗೆ ತಡವಾಗುತ್ತದೆ, ಸೋಮವಾರ ಹೊಟ್ಟೆನೋವು ಬರುತ್ತದೆ. ಅಂಕಪಟ್ಟಿಯಲ್ಲಿ ಅದು ಕಾಣಿಸಿಕೊಳ್ಳುವುದು ಎಷ್ಟೋ ತಿಂಗಳ ನಂತರ. ಆದ್ದರಿಂದ ಅಂಕಕ್ಕೂ ಮೊದಲು ಹಾಜರಾತಿ ಪುಸ್ತಕವನ್ನೂ ಮಗುವಿನ ಟಿಪ್ಪಣಿ ಪುಸ್ತಕವನ್ನೂ ನೋಡಬೇಕೆಂದು ನಾವು ಪೋಷಕರಿಗೆ ಹೇಳುತ್ತೇವೆ.

ಒಂದೊಂದು ವಸ್ತುವೂ ಒಂದೊಂದು ರೀತಿಯಲ್ಲಿ ಓದನ್ನು ತಿನ್ನುತ್ತದೆ. ತಂಬಾಕನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಎಲ್ಲರೂ ಹಗುರವಾಗಿ ಕಾಣುವುದು ಅದನ್ನೇ. ದೇಹಕ್ಕೆ ಸೇರಿದ ನಿಕೋಟಿನ್ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಪೊಟ್ಟಣ ಹರಿದು ಬಾಯಿಗೆ ಹಾಕಿಕೊಂಡ ಹುಡುಗನಿಗೆ ಹನ್ನೊಂದರ ಹೊತ್ತಿಗೆ ಚಡಪಡಿಕೆ ಶುರು. ಕೈ ಪುಸ್ತಕದ ಮೇಲಿದ್ದರೂ ಮನಸ್ಸು ವಿರಾಮದ ಗಂಟೆಯ ಮೇಲಿರುತ್ತದೆ. ಗುರುಗಳು ಅದನ್ನು ತುಂಟತನವೆಂದು ತಿಳಿದು ಹೊರಗೆ ನಿಲ್ಲಿಸುತ್ತಾರೆ. ಅವನಿಗೆ ಬೇಕಾದದ್ದೂ ಅದೇ. ‘ಹೊಗೆಸೊಪ್ಪು ಹಾಕಿದರೆ ಏಕಾಗ್ರತೆ ಬರುತ್ತೆ ಸಾರ್’ ಎಂದು ಹುಡುಗರು ನಮಗೇ ಹೇಳುತ್ತಾರೆ. ಚಡಪಡಿಕೆ ಶಮನವಾಗುವುದನ್ನೇ ಅವರು ಏಕಾಗ್ರತೆಯೆಂದು ನಂಬಿರುತ್ತಾರೆ. ಆ ಚಡಪಡಿಕೆಯನ್ನು ತಂದದ್ದು ಅದೇ ಪೊಟ್ಟಣ.

ಗಾಂಜಾದ ವಿಷಯದಲ್ಲಿ ನಮಗೆ ಬೇರೊಂದು ವಾದ ಎದುರಾಗುತ್ತದೆ. ‘ಅದು ಸೊಪ್ಪು, ಆಯುರ್ವೇದದಲ್ಲೇ ಇದೆ, ನೀವೇ ಔಷಧಕ್ಕೆ ಬಳಸುವುದಿಲ್ಲವೆ?’ ಹದಿನಾರರ ಹುಡುಗರು ಕೇಳಿದರೆ ಪರವಾಗಿಲ್ಲ, ಓದಿದ ದೊಡ್ಡವರೂ ಕೇಳುತ್ತಾರೆ. ಇದೆ, ನಿಜ. ವಿಜಯಾ ಎಂಬ ಹೆಸರಿನಲ್ಲಿ, ಶೋಧನೆ ಮಾಡಿದ ಮೇಲೆ, ಜಾತೀಫಲಾದಿ ಚೂರ್ಣದಂತಹ ಯೋಗಗಳಲ್ಲಿ, ರೋಗಿಗೆ, ವೈದ್ಯರು ನಿಗದಿ ಮಾಡಿದ ಪ್ರಮಾಣದಲ್ಲಿ ಅದನ್ನು ಬಳಸುತ್ತಾರೆ. ಶಾರ್ಙ್ಗಧರ ಸಂಹಿತೆಯು ಭಂಗಿ ಮತ್ತು ಅಫೀಮುಗಳನ್ನು ವ್ಯವಾಯಿ ದ್ರವ್ಯಗಳಿಗೆ ಉದಾಹರಣೆಯಾಗಿ ಕೊಡುತ್ತದೆ; ಎಂದರೆ ಜೀರ್ಣವಾಗುವುದಕ್ಕೂ ಮೊದಲೇ ಶರೀರವನ್ನೆಲ್ಲ ವ್ಯಾಪಿಸುವಂಥವು. ನಮ್ಮ ದೇಶದ ಔಷಧ ನಿಯಮಗಳು ಭಂಗಿಯನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕಾದ ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟಿವೆ. ವತ್ಸನಾಭಿಯೂ ಅದೇ ಪಟ್ಟಿಯಲ್ಲಿದೆ. ವತ್ಸನಾಭಿ ಆಯುರ್ವೇದದಲ್ಲಿದೆ ಎಂದು ಯಾರೂ ಅದನ್ನು ಸಂಜೆ ಮೈದಾನದ ಮೂಲೆಯಲ್ಲಿ ಕುಳಿತು ತಿನ್ನುವುದಿಲ್ಲ.

ಹೊಸ ಪಾಠವನ್ನು ನೆನಪಿನಲ್ಲಿ ಕೂಡಿಸುವ ಮೆದುಳಿನ ಭಾಗದಲ್ಲಿ ಗಾಂಜಾದ ಅಂಶವು ಹೋಗಿ ಕೂರುವ ಗ್ರಾಹಕಗಳು ದಟ್ಟವಾಗಿವೆ. ಹಾಗಾಗಿ ಹಳೆಯದು ಮರೆಯುವುದಕ್ಕಿಂತ ಹೆಚ್ಚಾಗಿ ಹೊಸದು ಒಳಗೆ ಇಳಿಯುವುದೇ ಇಲ್ಲ. ಗಣಿತದಲ್ಲಿ ಇದು ಬೇಗ ಗೊತ್ತಾಗುವುದನ್ನು ನಾವು ಕಂಡಿದ್ದೇವೆ. ಒಂದು ಲೆಕ್ಕದ ಎರಡನೆಯ ಹಂತವನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಮೂರನೆಯದಕ್ಕೆ ಹೋಗಬೇಕಲ್ಲವೆ? ಸಮಾಜ ವಿಜ್ಞಾನವನ್ನು ಹೇಗೋ ಬಾಯಿಪಾಠ ಮಾಡಿ ದಾಟಿಸಬಹುದು, ಬೀಜಗಣಿತವನ್ನು ಆಗದು. ಗಾಂಜಾದ ಅಂಶ ಮೇದಸ್ಸಿನಲ್ಲಿ ಕರಗಿ ಉಳಿಯುವುದರಿಂದ ನಿತ್ಯ ಸೇದುವವರ ದೇಹದಿಂದ ಅದು ಪೂರ್ತಿ ಹೊರಹೋಗಲು ವಾರಗಳೇ ಬೇಕು. ‘ಭಾನುವಾರ ಮಾತ್ರ, ಶಾಲೆಯ ದಿನ ಮುಟ್ಟುವುದಿಲ್ಲ’ ಎಂಬ ಮಾತು ಆದ್ದರಿಂದ ಅರ್ಧ ಸತ್ಯ.

ನ್ಯೂಜಿಲೆಂಡಿನ ಡನೆಡಿನ್ ಎಂಬ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಂದಿಯನ್ನು ವಿಜ್ಞಾನಿಗಳು ದಶಕಗಳ ಕಾಲ ಹಿಂಬಾಲಿಸಿದ್ದಾರೆ. ಹದಿಹರೆಯದಲ್ಲಿ ಆರಂಭಿಸಿ ಬಿಡದೆ ಗಾಂಜಾ ಸೇದಿದವರ ಬುದ್ಧಿಮತ್ತೆಯ ಸೂಚ್ಯಂಕ 38ನೆಯ ವಯಸ್ಸಿನ ಹೊತ್ತಿಗೆ ಎಂಟು ಅಂಶಗಳವರೆಗೆ ಇಳಿದಿತ್ತೆಂದು 2012ರಲ್ಲಿ ಅವರು ಬರೆದರು. ಅವಳಿ ಮಕ್ಕಳ ಮೇಲೆ ನಡೆದ ನಂತರದ ಅಧ್ಯಯನವು, ಇಳಿಕೆಗೆ ಗಾಂಜಾಕ್ಕಿಂತ ಮನೆಯ ಪರಿಸರವೇ ಕಾರಣವಿರಬಹುದೆಂದು ಆಕ್ಷೇಪಿಸಿತು. ವಾದ ಮುಗಿದಿಲ್ಲ. ನಮ್ಮ ಮಟ್ಟಿಗೆ ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಮಗುವನ್ನು ನೋಡುವಾಗ ಮನೆಯನ್ನೂ ನೋಡಬೇಕು.

ಸಲ್ಯೂಷನ್, ವೈಟ್ನರ್, ಥಿನ್ನರ್‌ಗಳ ವಿಷಯ ಇನ್ನೂ ಕಠಿಣ. ಇವುಗಳಲ್ಲಿರುವ ಟಾಲುಯೀನ್‌ನಂತಹ ದ್ರಾವಕಗಳು ನರತಂತುಗಳ ಹೊದಿಕೆಯನ್ನೇ ಹಾಳುಮಾಡುತ್ತವೆ. ಬರವಣಿಗೆ ಸೊಟ್ಟಗಾಗುತ್ತದೆ, ನಡಿಗೆ ತೂರಾಡುತ್ತದೆ. ಒಂದು ಎಚ್ಚರಿಕೆಯನ್ನು ಎಲ್ಲರೂ ನೆನಪಿಡಬೇಕು. ಮೂಸುತ್ತಿರುವ ಮಗುವನ್ನು ಕಂಡಾಗ ಕಿರುಚಿ ಅಟ್ಟಿಸಿಕೊಂಡು ಹೋಗಬಾರದು. ಆ ಸ್ಥಿತಿಯಲ್ಲಿ ಗಾಬರಿಯಿಂದ ಓಡಿದರೆ ಹೃದಯದ ಬಡಿತದ ಲಯ ತಪ್ಪಿ ಅಲ್ಲಿಯೇ ಸಾವು ಸಂಭವಿಸಬಹುದು. ಮೊದಲ ಬಾರಿ ಮೂಸಿದವರಲ್ಲಿಯೂ ಹೀಗಾದದ್ದುಂಟು. ಮೆಲ್ಲಗೆ ಹತ್ತಿರ ಹೋಗಿ, ಗಾಳಿಯಾಡುವ ಜಾಗದಲ್ಲಿ ಕೂರಿಸಿ, ಅಮಲು ಇಳಿದ ಮೇಲೆ ಮಾತಾಡಬೇಕು. ಮದ್ಯವು ನಿದ್ರೆಯನ್ನು ಕೆಡಿಸುತ್ತದೆ. ಹಗಲು ಓದಿದ್ದು ರಾತ್ರಿಯ ನಿದ್ರೆಯಲ್ಲಿ ಗಟ್ಟಿಯಾಗಬೇಕು, ಅದು ಆಗುವುದಿಲ್ಲ. ಮಾತ್ರೆ, ಸಿರಪ್‌ಗಳ ವಿವರಗಳಿಗೆ ಇಲ್ಲಿ ಹೋಗುವುದಿಲ್ಲ. ಮನೆಯ ಔಷಧದ ಡಬ್ಬಿಯಲ್ಲಿ ಅಜ್ಜಿಯ ನಿದ್ರೆಯ ಮಾತ್ರೆಗಳು ಎಷ್ಟಿವೆಯೆಂದು ಆಗಾಗ ಎಣಿಸಿಡಿ ಎಂದಷ್ಟೇ ಹೇಳುತ್ತೇವೆ.

ನಮ್ಮಲ್ಲಿಗೆ ಬಂದ ಇಬ್ಬರು ಬಾಲಕರ ವಿಷಯ ಹೇಳಬೇಕು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬಿಟ್ಟಿದ್ದೇವೆ.

ಮೊದಲನೆಯವನು ಒಂಬತ್ತನೆಯ ತರಗತಿ. ತಾಯಿ ಕರೆತಂದರು. ‘ಡಾಕ್ಟ್ರೇ, ಎಂಟನೇ ಕ್ಲಾಸಿನವರೆಗೂ ಗಣಿತದಲ್ಲಿ ಎಂಬತ್ತರ ಮೇಲೇ ತೆಗೀತಿದ್ದ. ಈಗ ಓದಿದ್ದು ಒಂದೂ ತಲೇಲಿ ನಿಲ್ತಿಲ್ಲ ಅಂತಾನೆ. ಯಾರದಾದ್ರೂ ದೃಷ್ಟಿ ತಾಕಿರಬಹುದಾ?’ ಅವರನ್ನು ಹೊರಗೆ ಕೂರಿಸಿ ನಾವು ಹುಡುಗನೊಡನೆ ಮಾತಿಗಿಳಿದೆವು. ಗಾಂಜಾ ಎಂಬ ಶಬ್ದವನ್ನು ನಾವು ಎತ್ತಲಿಲ್ಲ. ‘ಏನಪ್ಪಾ, ರಾತ್ರಿ ನಿದ್ದೆ ಬರತ್ತಾ? ಬೆಳಗ್ಗೆ ಏಳೋಕೆ ಆಗತ್ತಾ? ಸಂಜೆ ಯಾರ ಜೊತೆ ಇರ್ತೀಯ?’ ಎಂದು ಕೇಳಿದೆವು. ಮೂರನೆಯ ಪ್ರಶ್ನೆಗೆ ಅವನು ತಲೆ ತಗ್ಗಿಸಿದ. ಬಹಳ ಹೊತ್ತು ಸುಮ್ಮನಿದ್ದು, ನಂತರ ಹೇಳಿದ. ಬೇಸಿಗೆ ರಜೆಯಿಂದ ಆರಂಭ. ಟ್ಯೂಷನ್ ಹತ್ತಿರ ಸಿಕ್ಕ ದೊಡ್ಡ ಹುಡುಗರು. ಟ್ಯೂಷನ್ ಬಿಟ್ಟು ಮೂರು ತಿಂಗಳಾಗಿತ್ತು; ತಾಯಿ ಪ್ರತಿ ತಿಂಗಳೂ ಕೊಡುತ್ತಿದ್ದ ಟ್ಯೂಷನ್ ಹಣದಲ್ಲಿಯೇ ಖರ್ಚು ನಡೆಯುತ್ತಿತ್ತು. ಕಣ್ಣು ಕೆಂಪಾದದ್ದು ಮನೆಯವರಿಗೆ ಕಾಣದಿರಲೆಂದು ಜೇಬಿನಲ್ಲಿ ಕಣ್ಣಿಗೆ ಹಾಕುವ ಹನಿಯ ಸೀಸೆ.

ತಂದೆ ಬೆಲ್ಟು ಬಿಚ್ಚಿದರು. ಮರುದಿನ ದೂರದ ಹಾಸ್ಟೆಲ್ಲಿಗೆ ಹಾಕುವೆನೆಂದರು. ಎರಡು ಸಂಜೆ ಕೂತು ಅವರಿಗೆ ಹೇಳಬೇಕಾಯಿತು. ಕೆ.ಆರ್. ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕಳುಹಿಸಿದೆವು. ಮುಖ್ಯೋಪಾಧ್ಯಾಯಿನಿಯವರಿಗೆ ತಂದೆಯೇ ಹೋಗಿ ವಿಷಯ ತಿಳಿಸಿದರು. ಆ ಹೆಣ್ಣುಮಗಳು ಅದನ್ನು ತಮ್ಮಲ್ಲಿಯೇ ಇಟ್ಟುಕೊಂಡು, ಹುಡುಗನನ್ನು ಮುಂದಿನ ಸಾಲಿಗೆ ಕೂರಿಸಿ, ಬಿಟ್ಟುಹೋದ ಟಿಪ್ಪಣಿಗಳನ್ನು ಬರೆಸಿಕೊಡುವ ಏರ್ಪಾಡು ಮಾಡಿದರು. ಎಲ್ಲವೂ ಸರಾಗವಾಗಲಿಲ್ಲ. ದಸರಾ ರಜೆಯಲ್ಲಿ ಹುಡುಗ ಮತ್ತೆ ಜಾರಿದ, ಮತ್ತೆ ಬಂದ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಮೊದಲ ಸಲ ಹೋಯಿತು, ಎರಡನೆಯ ಸಲ ಪಾಸಾಯಿತು. ಈಗ ಡಿಪ್ಲೊಮಾ ಓದುತ್ತಿದ್ದಾನೆ.

ಎರಡನೆಯವನೂ ಅದೇ ವಯಸ್ಸಿನವನು, ಬೇರೊಂದು ಶಾಲೆಯವನು. ಆ ಶಾಲೆಯ ಹೆಸರು ಇಲ್ಲಿ ಬೇಡ. ಅವನ ಚೀಲದಲ್ಲಿ ಪೊಟ್ಟಣ ಸಿಕ್ಕಿತು. ಮರುದಿನ ಟಿ.ಸಿ. ಕೊಟ್ಟರು. ವರ್ಷದ ನಡುವೆ ಬಂದ ಟಿ.ಸಿ.ಯನ್ನು ಕಂಡು ಬೇರೆ ಶಾಲೆಗಳೂ ಬಾಗಿಲು ಹಾಕಿದವು. ಅವನ ಅಜ್ಜಿ ಮಂಡಿನೋವಿನ ತೈಲಕ್ಕೆ ನಮ್ಮಲ್ಲಿಗೆ ಬರುತ್ತಾರೆ. ಈಗ ಗ್ಯಾರೇಜೊಂದರಲ್ಲಿ ಗಾಡಿ ತೊಳೆಯುತ್ತಾನಂತೆ. ಮೊದಲು ವಾರಕ್ಕೊಮ್ಮೆ ಇದ್ದದ್ದು ಈಗ ದಿನವೂ ಇದೆಯಂತೆ. ‘ಸ್ಕೂಲಿಗೆ ಹೋಗ್ತಿದ್ದಾಗ ಮೂರೂವರೆವರೆಗಾದ್ರೂ ಸರಿಯಾಗಿರ್ತಿದ್ದ’ ಎಂದು ಆ ತಾಯಿ ಹೇಳಿದ ಮಾತಿನಲ್ಲಿ ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದೆಲ್ಲ ಅಡಗಿದೆ.

ಮಾದಕ ವಸ್ತು ಓದನ್ನು ಕೆಡಿಸುತ್ತದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಓದು ತಪ್ಪಿಹೋದರೆ ಮಾದಕ ವಸ್ತು ಮಗುವನ್ನು ಪೂರ್ತಿ ನುಂಗುತ್ತದೆ ಎಂಬ ಇನ್ನೊಂದು ಮುಖವನ್ನು ಯಾರೂ ನೆನೆಯುವುದಿಲ್ಲ. ಆದ್ದರಿಂದ ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದು ಚಿಕಿತ್ಸೆಯ ಅರ್ಧ ಭಾಗವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಕಾಯ್ದೆಯ ಆ ರಕ್ಷಣೆ ಮುಗಿಯುವುದು ಸರಿಯಾಗಿ ಒಂಬತ್ತನೆಯ ತರಗತಿಯಲ್ಲಿ. ವ್ಯಸನವು ಅಂಕಗಳಲ್ಲಿ ಗೋಚರವಾಗುವುದೂ ಆಗಲೇ. ‘ನಮ್ಮ ಶಾಲೆಗೆ ನೂರಕ್ಕೆ ನೂರು ಫಲಿತಾಂಶ’ ಎಂಬ ಫಲಕಕ್ಕಾಗಿ ದುರ್ಬಲ ಮಕ್ಕಳನ್ನು ಜರಡಿ ಹಿಡಿಯುವ ಹವ್ಯಾಸ ಕೆಲವು ಶಾಲೆಗಳಿಗೆ ಇರುವುದೂ ಅದೇ ತರಗತಿಯಲ್ಲಿ. ಶಿಸ್ತು ಬೇಡವೆಂದು ನಾವು ಹೇಳುತ್ತಿಲ್ಲ. ಬೇರೆ ಮಕ್ಕಳಿಗೆ ಮಾರುತ್ತಿರುವವನನ್ನು ತಡೆಯಲೇಬೇಕು. ಸೇವಿಸಿ ಸಿಕ್ಕಿಬಿದ್ದವನು ಮಾತ್ರ ರೋಗಿ. ಕ್ಷಯ ರೋಗ ಬಂದ ಹುಡುಗನಿಗೆ ನಾವು ಟಿ.ಸಿ. ಕೊಡುತ್ತೇವೆಯೆ?

ಕಾನೂನು ಕೂಡ ಇದೇ ದಿಕ್ಕಿನಲ್ಲಿದೆ. ಬಾಲನ್ಯಾಯ ಕಾಯ್ದೆ 2015ರ 77ನೆಯ ಕಲಮಿನಂತೆ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೆ ಏಳು ವರ್ಷಗಳವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡ. ಅಪರಾಧಿ ಕೊಟ್ಟವನು. ಮಾದಕ ವಸ್ತುಗಳ ಕಾಯ್ದೆಯ 64-ಎ ಕಲಮು, ಸ್ವಂತ ಇಚ್ಛೆಯಿಂದ ಚಿಕಿತ್ಸೆಗೆ ಬಂದ ವ್ಯಸನಿಗೆ ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ‘ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ’ ಎಂಬ ಭಯದಿಂದ ಮಗನನ್ನು ಮನೆಯೊಳಗೆ ಕೂಡಿಹಾಕುವವರು ಇದನ್ನು ತಿಳಿಯಬೇಕು. 2025ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿಯಂತೆ 21 ವರ್ಷಕ್ಕಿಂತ ಕೆಳಗಿನವರಿಗೆ ತಂಬಾಕು ಮಾರುವಂತಿಲ್ಲ. ಶಾಲೆಯ 100 ಮೀಟರಿನೊಳಗೆ ಮಾರುವಂತಿಲ್ಲ. ಈ ಮೀಟರುಗಳನ್ನು ಅಳೆಯುವವರು ಯಾರು ಎಂಬುದು ಬೇರೆ ಪ್ರಶ್ನೆ.

ಚಿಕಿತ್ಸೆಯ ಬಗ್ಗೆ ನಮ್ಮ ಪದ್ಧತಿಯ ಮಿತಿಯನ್ನೂ ಮುಚ್ಚಿಡದೆ ಹೇಳುತ್ತೇವೆ. ಸೇವನೆ ಮುಂದುವರಿಯುತ್ತಿರುವ ಮಗುವಿಗೆ ಮೇಧ್ಯ ರಸಾಯನ ಕೊಡುವುದು ತೂತು ಬಿದ್ದ ಕೊಡಕ್ಕೆ ನೀರು ಹೊಯ್ದಂತೆ. ಮೊದಲು ಬಿಡಿಸಬೇಕು. ಅಹಿತವಾದ ಅಭ್ಯಾಸವನ್ನು ಒಮ್ಮೆಗೇ ಕಿತ್ತೆಸೆಯದೆ ಕಾಲು ಕಾಲು ಭಾಗವಾಗಿ ಇಳಿಸಬೇಕೆಂಬ ಕ್ರಮವನ್ನು ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ವಿಧಿಸುತ್ತದೆ. ನಿತ್ಯ ಮದ್ಯಪಾನ ಮಾಡುವವರಲ್ಲಿ, ನಿದ್ರೆಯ ಮಾತ್ರೆಗೆ ಅಂಟಿಕೊಂಡವರಲ್ಲಿ ಹಠಾತ್ತನೆ ನಿಲ್ಲಿಸಿದರೆ ಅಪಸ್ಮಾರದಂತಹ ಸೆಳವು ಬರಬಹುದೆಂಬುದನ್ನು ಇಂದಿನ ವೈದ್ಯಕೀಯವೂ ಹೇಳುತ್ತದೆ. ಅಂಥವರಿಗೆ ಆಸ್ಪತ್ರೆಯೇ ಸರಿ, ನಮ್ಮ ಚಿಕಿತ್ಸಾಲಯವಲ್ಲ. ಬಿಟ್ಟ ಮೇಲೆ ಬ್ರಾಹ್ಮೀ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿಗಳಿಗೆ ಸ್ಥಾನವಿದೆ. ಅಭ್ಯಂಗಕ್ಕೆ, ಹಿತಮಿತವಾದ ಊಟಕ್ಕೆ, ಹತ್ತು ಗಂಟೆಯ ನಿದ್ರೆಗೆ ಅದಕ್ಕಿಂತ ಹೆಚ್ಚಿನ ಸ್ಥಾನವಿದೆ. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಚಟ ಬಿಡಿಸಿ’ ಎಂಬ ಜಾಹೀರಾತುಗಳ ಪುಡಿಯನ್ನು ದಯವಿಟ್ಟು ಕೊಳ್ಳಬೇಡಿ. ಅದರಲ್ಲಿ ಏನಿದೆಯೆಂದು ತಿಳಿಯದು. ಮದ್ಯದೊಡನೆ ಸೇರಿದಾಗ ರಕ್ತದೊತ್ತಡ ಕುಸಿಯುವಂತೆ ಮಾಡುವ ಔಷಧವನ್ನು ಗುಟ್ಟಾಗಿ ಕೊಟ್ಟರೆ ಪ್ರಾಣಕ್ಕೇ ಅಪಾಯ.

ಇನ್ನು ಮಗುವಿಗೇ ಹೇಳಬೇಕಾದ ಒಂದು ಒಳ್ಳೆಯ ಸುದ್ದಿಯಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಂಡವು 16ರಿಂದ 25 ವರ್ಷದ 88 ಮಂದಿ ಗಾಂಜಾ ಸೇವಿಸುವವರ ಮೇಲೆ ನಡೆಸಿದ ಅಧ್ಯಯನವನ್ನು 2018ರಲ್ಲಿ ಪ್ರಕಟಿಸಿತು. ಒಂದು ತಿಂಗಳು ಪೂರ್ತಿ ಬಿಟ್ಟವರಲ್ಲಿ ಹೊಸ ವಿಷಯವನ್ನು ಕಲಿತು ನೆನಪಿಡುವ ಶಕ್ತಿ ಸುಧಾರಿಸಿತ್ತು. ಸುಧಾರಣೆಯ ಬಹುಪಾಲು ಮೊದಲ ವಾರದಲ್ಲಿಯೇ ಕಂಡಿತ್ತು. ಏಕಾಗ್ರತೆಯಲ್ಲಿ ಮಾತ್ರ ಅಂತಹ ಬದಲಾವಣೆ ಕಾಣಲಿಲ್ಲ. ‘ನನ್ನ ತಲೆ ಇನ್ನು ಮುಗಿಯಿತು’ ಎಂದುಕೊಂಡು ಕೈಚೆಲ್ಲಿದ ಹುಡುಗನಿಗೆ ಈ ಒಂದು ವಾರದ ವಿಷಯ ಹೇಳಿ ನೋಡಿ, ಅವನ ಮುಖ ಬದಲಾಗುತ್ತದೆ. ನರಕ, ಸಾವು, ಶವದ ಚಿತ್ರಗಳನ್ನು ತೋರಿಸಿ ಹೆದರಿಸುವ ಉಪನ್ಯಾಸಗಳಿಗೆ ನಾವೂ ಅತಿಥಿಯಾಗಿ ಹೋಗಿದ್ದೇವೆ. ಪ್ರತಿವರ್ಷ ಜೂನ್ 26ರಂದು ಫಲಕ ಹಿಡಿದ ಮೆರವಣಿಗೆ ನಡೆಯುತ್ತದೆ. ಮರುದಿನ ಅದೇ ಅಂಗಡಿಯಲ್ಲಿ ಅದೇ ಪೊಟ್ಟಣ ತೂಗಾಡುತ್ತಿರುತ್ತದೆ.

ಐಸ್‌ಲೆಂಡ್ ಎಂಬ ಪುಟ್ಟ ದೇಶ ಹೆದರಿಸುವುದನ್ನು ಬಿಟ್ಟು ಬೇರೆ ದಾರಿ ಹಿಡಿಯಿತು. ಮಕ್ಕಳಿಗೆ ಸಂಜೆ ಆಟ, ಸಂಗೀತ, ಕಲೆಗಳಿಗೆ ಹಣ ಕೊಟ್ಟು, ತಂದೆತಾಯಿಗಳು ಮಕ್ಕಳೊಡನೆ ಹೆಚ್ಚು ಹೊತ್ತು ಕಳೆಯುವಂತೆ ಮಾಡಿ, ರಾತ್ರಿ ಹೊರಗೆ ಅಲೆಯುವುದನ್ನು ತಡೆಯಿತು. ಕಳೆದ ತಿಂಗಳಲ್ಲಿ ಕುಡಿದು ಮತ್ತರಾದೆವೆಂದು ಹೇಳಿದ 15-16 ವರ್ಷದವರು ಅಲ್ಲಿ 1998ರಲ್ಲಿ ಶೇ. 42 ಇದ್ದರು, 2016ರಲ್ಲಿ ಶೇ. 5. ನಮ್ಮ ಬಡಾವಣೆಯಲ್ಲಿ ಶಾಲೆ ಬಿಟ್ಟ ನಾಲ್ಕರಿಂದ ತಂದೆತಾಯಿಗಳು ದುಡಿಮೆಯಿಂದ ಮರಳುವ ಎಂಟರವರೆಗಿನ ಹೊತ್ತು ಯಾರ ಪಾಲಿಗೂ ಸೇರದ ಹೊತ್ತು. ಮಠದ ಸಭಾಂಗಣಗಳು, ಸಮುದಾಯ ಭವನಗಳು ಆ ಹೊತ್ತಿನಲ್ಲಿ ಬೀಗ ಹಾಕಿಕೊಂಡಿರುತ್ತವೆ. ಒಂದು ಕೇರಂ ಹಲಗೆ, ಒಂದು ವಾಲಿಬಾಲ್ ಬಲೆ, ತಬಲ ಕಲಿಸುವ ಒಬ್ಬರು, ಗಣಿತ ಹೇಳಿಕೊಡುವ ನಿವೃತ್ತ ಶಿಕ್ಷಕರೊಬ್ಬರು ಇದ್ದರೆ ಸಾಕು. ಇದಕ್ಕೆ ಕೋಟಿ ಬೇಡ, ಬೀಗದ ಕೈ ಹಿಡಿದು ಎಂಟರವರೆಗೆ ಕೂರುವ ಒಬ್ಬ ಹಿರಿಯರು ಬೇಕು.

ಹಿರಿಯರ ಮಾತು ಬಂತು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು ಮನೆಮನೆಗೆ ಹೋದರು. ಕಾಸು ಕಾಳು ಬೇಡದೆ, ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಜೋಳಿಗೆ ಮೊದಲು ಒಡ್ಡಿದ್ದು ಮನೆಯ ಯಜಮಾನನ ಮುಂದೆ ಎಂಬುದನ್ನು ನಾವು ಮರೆಯುತ್ತೇವೆ. ಊಟವಾದ ಮೇಲೆ ಎಲೆಅಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಂಡು, ‘ಹೋಗಪ್ಪ, ಅಂಗಡಿಯಿಂದ ಒಂದು ಪ್ಯಾಕೆಟ್ ತಗೊಂಡು ಬಾ’ ಎಂದು ಹತ್ತು ವರ್ಷದ ಮೊಮ್ಮಗನನ್ನು ಕಳುಹಿಸುವ ಅಜ್ಜಂದಿರು ನಮ್ಮ ಭಕ್ತಸಮೂಹದಲ್ಲಿ ಕಡಿಮೆಯಿಲ್ಲ. ಅಂಗಡಿಯವನ ಪರಿಚಯ ಮಗುವಿಗೆ ಆಗುವುದು ಹಾಗೆಯೇ. ಹೊಗೆಯಿಲ್ಲದ ತಂಬಾಕನ್ನು ರುಚಿ ನೋಡಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹತ್ತು ವರ್ಷ ತುಂಬುವ ಮೊದಲೇ ನೋಡಿದ್ದರೆಂದು ಮೇಲೆ ಹೇಳಿದ ತಂಬಾಕು ಸಮೀಕ್ಷೆಯೇ ತಿಳಿಸುತ್ತದೆ.

ಈ ಸಂಚಿಕೆ ನಿಮ್ಮ ಕೈ ಸೇರುವಾಗ ಪರೀಕ್ಷೆಗಳು ಹತ್ತಿರವಿರುತ್ತವೆ. ‘ಪರೀಕ್ಷೆ ಮುಗಿಯಲಿ, ಆಮೇಲೆ ತೋರಿಸೋಣ’ ಎಂದು ಮುಂದೂಡುವವರಿಗೆ ಒಂದು ಮಾಹಿತಿ. 2024ರಿಂದ ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಪರೀಕ್ಷೆಯನ್ನು ಅದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬರೆಯುವ ಅವಕಾಶವಿದೆ. ಚಿಕಿತ್ಸೆಗಾಗಿ ಕೆಲವು ವಾರ ಹೋದರೂ ವರ್ಷ ಹೋಗುವುದಿಲ್ಲ. ಶೇ. 75 ಹಾಜರಾತಿಯ ಚಿಂತೆಯಿದ್ದರೆ ಆಸ್ಪತ್ರೆಯ ಪ್ರಮಾಣಪತ್ರವನ್ನು ಪಡೆದು ಮುಖ್ಯೋಪಾಧ್ಯಾಯರೊಡನೆ ಈಗಲೇ ಮಾತಾಡಿ. ಮುಖಾಮುಖಿ ಹೇಳಲು ಸಂಕೋಚವಾದರೆ ಟೆಲಿ-ಮಾನಸ್ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಶುಲ್ಕವಿಲ್ಲ. ಮಗುವನ್ನು ಯಾವುದೇ ವೈದ್ಯರಲ್ಲಿಗೆ ಕರೆದೊಯ್ದಾಗ ಹತ್ತು ನಿಮಿಷ ನೀವು ಹೊರಗೆ ಕುಳಿತು, ಅವನೊಬ್ಬನನ್ನೇ ಒಳಗೆ ಬಿಡಿ.